ಕ್ಯಾಲ್ಸಿಯಂ ಕೊಲೆಗಾರನೋ, ಸಾಕ್ಷಿಯೋ?

ವಿಷದಿಂದ ಸತ್ತ ಜೀವಕೋಶದಲ್ಲಿ ಕ್ಯಾಲ್ಸಿಯಂ ತುಂಬಿಕೊಂಡಿರುತ್ತದೆ. ಅದು ತುಂಬಿದ್ದರಿಂದ ಕೋಶ ಸತ್ತಿತೋ, ಸತ್ತದ್ದರಿಂದ ತುಂಬಿತೋ? ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿದ್ದ ವಿಷವಿಜ್ಞಾನಿ ಸ್ಟೆನ್ ಒರೆನಿಯಸ್ ಅವರ ಸಂಶೋಧನೆಯನ್ನು ಈ ಪ್ರಶ್ನೆಯಿಂದಲೇ ಒರೆಗೆ ಹಚ್ಚಬೇಕು.

ಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಲೀಟರಿಗೆ ಸುಮಾರು 1 ಮಿಲಿಮೋಲ್. ಒಳಗಿನ ಕೋಶರಸದಲ್ಲಿ ಕೇವಲ 100 ನ್ಯಾನೊಮೋಲ್‌ನಷ್ಟು. ಅಂದರೆ 10,000 ಪಟ್ಟು ವ್ಯತ್ಯಾಸ! ಶಕ್ತಿಯನ್ನು ವ್ಯಯಿಸಿ ಈ ವ್ಯತ್ಯಾಸವನ್ನು ಕಾಯುವುದು ಪೊರೆಯಲ್ಲಿರುವ ಪಂಪುಗಳು. ಯಾವ ಕಾರಣಕ್ಕೆ ಪೊರೆ ಹರಿದರೂ, ಏರಿ ಒಡೆದ ಕೆರೆಯ ನೀರಿನಂತೆ, ಕ್ಯಾಲ್ಸಿಯಂ ನುಗ್ಗಲೇಬೇಕು. ಆದ್ದರಿಂದ ಅದು ಒಳಗಿದೆ ಎಂಬುದಷ್ಟೇ ಅಪರಾಧಕ್ಕೆ ಪುರಾವೆಯಾಗದು.

1979ರಲ್ಲಿ ಜಾನ್ ಫಾರ್ಬರ್ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಪೊರೆಯನ್ನು ಕೆಡಿಸುವ ಹತ್ತು ವಿಷಗಳು ಇಲಿಯ ಯಕೃತ್ತಿನ ಕೋಶಗಳನ್ನು ಕೊಲ್ಲಲು ಹೊರಗಿನ ಕ್ಯಾಲ್ಸಿಯಂ ಅಗತ್ಯ ಎಂಬುದು ಅದರ ವಾದ. ಒರೆನಿಯಸ್ ತಂಡ 1981ರಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಅಲ್ಲಗಳೆಯಿತು. ಕಾರ್ಬನ್ ಟೆಟ್ರಾಕ್ಲೋರೈಡ್, ಬ್ರೋಮೊಬೆಂಜೀನ್ ಮುಂತಾದವು ಹೊರಗೆ ಕ್ಯಾಲ್ಸಿಯಂ ಇಲ್ಲದಿದ್ದಾಗಲೇ ಹೆಚ್ಚು ಹಾನಿ ಮಾಡಿದುವು. ಬೆಡಗಿಲ್ಲದ, ಅಚ್ಚುಕಟ್ಟಾದ ಪ್ರಯೋಗವಿದು. ಅವರ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಮುಂದೆ ಅವರ ಗಮನ ಒಳಗಿನ ದಾಸ್ತಾನುಗಳತ್ತ ತಿರುಗಿತು. ವಿಷದಿಂದ ಗ್ಲುಟಾಥಯೋನ್ ಬರಿದಾಗುತ್ತದೆ, ಪ್ರೋಟೀನುಗಳ ಥಯೋಲ್ ಗುಂಪುಗಳು ಉತ್ಕರ್ಷಣಗೊಳ್ಳುತ್ತವೆ, ಪಂಪುಗಳು ಸೋಲುತ್ತವೆ, ಮೈಟೊಕಾಂಡ್ರಿಯ ಮತ್ತಿತರ ಕಣದಂಗಗಳಲ್ಲಿದ್ದ ಕ್ಯಾಲ್ಸಿಯಂ ಸೋರುತ್ತದೆ. ಸರಪಳಿಯೇನೋ ಸೊಗಸಾಗಿದೆ. ಆದರೆ ಆರಂಭದ ಅಳತೆಗಳು ಅಸಂಖ್ಯ ಕೋಶಗಳ ನಿಲಂಬನದ ಮೇಲೆ ನಡೆದವು. ಸರಾಸರಿ ಎಂಬುದು ಭೌತವಿಜ್ಞಾನಿಗೆ ಅನ್ನ ಕೊಡುವ ಸಾಧನ, ನಿಜ. ಇಲ್ಲಿ ಮಾತ್ರ ಅದು ದಾರಿ ತಪ್ಪಿಸಬಲ್ಲದು. ಕೆಲವೇ ಕೋಶಗಳಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದರೂ ಎಲ್ಲದರಲ್ಲೂ ಏರಿದಂತೆ ತೋರುತ್ತದೆ. ಯಾವ ಕೋಶದಲ್ಲಿ ಯಾವುದು ಮೊದಲು ನಡೆಯಿತು ಎಂಬುದು ತಿಳಿಯುವುದಿಲ್ಲ.

1987ರಲ್ಲಿ ಅಮೆರಿಕದ ಜಾನ್ ಲೆಮಾಸ್ಟರ್ಸ್ ಮತ್ತು ಸಂಗಡಿಗರು ಒಂಟಿ ಕೋಶಗಳನ್ನೇ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಸಯನೈಡ್ ಮತ್ತು ಅಯೊಡೊಅಸಿಟೇಟ್ ಸೇರಿಸಿದಾಗ ಪೊರೆಯಲ್ಲಿ ಗುಳ್ಳೆಗಳೆದ್ದು ಕೋಶ ಸತ್ತಿತು. ಆದರೆ ಸಾವಿಗೆ ಮುನ್ನ ಕೋಶರಸದ ಕ್ಯಾಲ್ಸಿಯಂ ಏರಿರಲಿಲ್ಲ. ಇದರಿಂದ ಒರೆನಿಯಸ್ ಅವರ ಸರಪಳಿ ಸುಳ್ಳಾಗದು, ಏಕೆಂದರೆ ವಿಷ ಬೇರೆ, ದಾರಿಯೂ ಬೇರೆ. ಅದನ್ನು ಎಲ್ಲ ವಿಷಗಳಿಗೂ ಹೊಂದಿಸುವಂತಿಲ್ಲ ಎಂಬುದಂತೂ ಸ್ಪಷ್ಟ. 'ವಿಷ, ಕ್ಯಾಲ್ಸಿಯಂ, ಸಾವು' ಎಂದು ಒಂದೇ ಬಾಣದ ಗುರುತು ಎಳೆಯುವ ಬರಹಗಳು ಈ ಎಚ್ಚರವನ್ನು ಕೈಬಿಡುತ್ತವೆ.

ಪ್ಯಾರಾಸಿಟಮಾಲ್ ಅತಿಯಾಗಿ ಸೇವಿಸಿದವರಿಗೆ ವೈದ್ಯರು ಕೊಡುವ ಅಸಿಟೈಲ್‌ಸಿಸ್ಟೀನ್ ತುಂಬಿಕೊಡುವುದು ಗ್ಲುಟಾಥಯೋನನ್ನು. ಸರಪಳಿಯ ಮೊದಲ ಕೊಂಡಿಯಲ್ಲಿ ಅದರ ಕೆಲಸ. ಹಾಗಾಗಿಯೇ ಅದನ್ನು ಬೇಗ ಕೊಟ್ಟಷ್ಟೂ ಫಲ ಹೆಚ್ಚು.