ಹನ್ನೆರಡು ಶನಿವಾರಗಳ ಆಟ

ಅಮೆರಿಕದಲ್ಲಿ ಓದುವ ಮಕ್ಕಳು ಸೆಪ್ಟೆಂಬರ್ ಬಂತೆಂದರೆ ಶನಿವಾರ ಸುಲಭಕ್ಕೆ ಫೋನಿಗೆ ಸಿಗುವುದಿಲ್ಲ. ಆವತ್ತು ಕಾಲೇಜು ಫುಟ್‌ಬಾಲ್. ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಊರಿನ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ, ಪಂದ್ಯದ ದಿನ ಅಷ್ಟೂ ತುಂಬುತ್ತವೆ. ಮಕ್ಕಳ ಪಕ್ಕ ಕೂತು ಟಿವಿ ನೋಡುವ ನಮ್ಮ ಹಿರಿಯರಿಗೆ ಕಾಣುವುದು ಮಾತ್ರ ಇಷ್ಟೇ: ನುಗ್ಗುತ್ತಾರೆ, ಬೀಳುತ್ತಾರೆ, ಸೀಟಿ ಕೇಳಿಸುತ್ತದೆ, ಮತ್ತೆ ಸಾಲುಗಟ್ಟಿ ನಿಲ್ಲುತ್ತಾರೆ. ಈ ಆಟದ ರುಚಿ ಒಂದು ಪಂದ್ಯಕ್ಕೆ ಹತ್ತುವಂಥದ್ದಲ್ಲ. ಇಡೀ ಸೀಸನ್ನನ್ನು ಒಂದೇ ಕಥೆಯಾಗಿ ಹಿಡಿಯಬೇಕು. ಹೊಸಬರಿಗೆ ನಾನು ತೋರಿಸುವುದು ಮಿಷಿಗನ್ ತಂಡದ 2023ರ ಸೀಸನ್ನನ್ನು.

ನಿಯಮ ಇಷ್ಟು ಗೊತ್ತಿದ್ದರೆ ಸಾಕು. ಒಂದು ಕಡೆಗೆ ಹನ್ನೊಂದು ಜನ, ನೂರು ಗಜದ ಅಂಗಳ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ನಾಲ್ಕೇ ಎಸೆತದ ಓವರ್ ಎಂದುಕೊಳ್ಳಿ, ಪ್ರತಿ ಎಸೆತದ ನಡುವೆ ಎರಡೂ ತಂಡಗಳು ತಮ್ಮ ಜಾಗ ಹೊಸದಾಗಿ ಹೊಂದಿಸಿಕೊಳ್ಳುತ್ತವೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು. ಚೆಂಡು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದು ಕಳಿಸಿದರೆ ಮೂರು. ಉಳಿದದ್ದು ನೋಡುತ್ತಾ ನೋಡುತ್ತಾ ಬರುತ್ತದೆ.

ಕಣ್ಣು ಎಲ್ಲಿಡಬೇಕು ಎಂಬುದೇ ದೊಡ್ಡ ಪಾಠ. ಎಲ್ಲರೂ ಚೆಂಡಿನ ಹಿಂದೆ ಹೋಗುತ್ತಾರೆ. ನೀವು ಚೆಂಡಿನ ಮುಂದೆ ಬಗ್ಗಿ ನಿಂತ ಐವರನ್ನು ನೋಡಿ. ಒಬ್ಬೊಬ್ಬರೂ ಸುಮಾರು 140 ಕಿಲೊ ತೂಗುವ ಈ ಹುಡುಗರು ಚೆಂಡು ಹಿಡಿದು ಓಡುವುದೇ ಅಪರೂಪ, ಅಂಕಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಆದರೆ ಓಡುವವನಿಗೆ ದಾರಿ ತೆರೆಯುವವರು ಅವರೇ. ನವೆಂಬರ್ 11ರಂದು ಪೆನ್ ಸ್ಟೇಟ್ ತಂಡದ ಅಂಗಳದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಎದುರಾಳಿಯ ಸಂಜ್ಞೆಗಳನ್ನು ನಿಯಮ ಮೀರಿ ಕದ್ದ ಆರೋಪದ ಮೇಲೆ ಹಿಂದಿನ ದಿನವಷ್ಟೇ ಮಿಷಿಗನ್‌ನ ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಅವರಿಗೆ ಮೂರು ಪಂದ್ಯಗಳ ನಿಷೇಧ ಬಿದ್ದಿತ್ತು. ಅವರ ಜಾಗದಲ್ಲಿ ಹೊಣೆ ಹೊತ್ತ ಸಹಾಯಕ ತರಬೇತುದಾರ ಶೆರೋನ್ ಮೂರ್ ಸತತ 32 ಬಾರಿ ಓಟವನ್ನೇ ಆಡಿಸಿದರು. ಉತ್ತರಾರ್ಧದ ಅಂಕಿಅಂಶದಲ್ಲಿ ಮಿಷಿಗನ್ ಹೆಸರಿನಲ್ಲಿ ಒಂದು ಪಾಸೂ, ಅಂದರೆ ಚೆಂಡನ್ನು ಮುಂದಕ್ಕೆ ಎಸೆದದ್ದು, ಇಲ್ಲ. ಏನು ಮಾಡುತ್ತಾರೆಂದು ಎದುರಾಳಿಗೆ ಗೊತ್ತು, ಆದರೂ ತಡೆಯಲಾಗಲಿಲ್ಲ. 24-15. ಹೊಸಬರಿಗೆ ಇದು ಬೇಸರದ ಪಂದ್ಯ. ನನ್ನ ಮಟ್ಟಿಗೆ ಆ ಸೀಸನ್ನಿನ ಅತಿ ಸೊಗಸಾದ ಆಟ ಇದೇ. ಸಂಜ್ಞೆ ಕದ್ದ ಪ್ರಕರಣವನ್ನೂ ರಸಿಕರು ಮರೆಯಬಾರದು. ಕಳಂಕವನ್ನು ಒರೆಸಿ ಹಾಕಿ ಕಥೆ ಹೇಳಿದರೆ ಅದು ಅಭಿಮಾನವಾಗುತ್ತದೆ, ರಸಿಕತೆಯಾಗುವುದಿಲ್ಲ.

ಸಾಮಾನ್ಯವಾಗಿ ಒಂದು ತಂಡಕ್ಕೆ ಹನ್ನೆರಡೇ ಲೀಗ್ ಪಂದ್ಯ, ಹೆಚ್ಚಿನವು ಶನಿವಾರವೇ. ಆಗೆಲ್ಲ ಒಂದು ಸೋಲು ಇಡೀ ವರ್ಷವನ್ನು ಮುಗಿಸಿಬಿಡಬಹುದಿತ್ತು. 2023ರವರೆಗೆ ಪ್ರಶಸ್ತಿ ಸುತ್ತಿಗೆ ನಾಲ್ಕೇ ತಂಡಗಳಿಗೆ ಜಾಗವಿತ್ತು, 2024ರಿಂದ ಹನ್ನೆರಡಾಯಿತು. ಮಿಷಿಗನ್‌ಗೆ ಕೊನೆಯ ಲೀಗ್ ಪಂದ್ಯ ಬಹುಮಟ್ಟಿಗೆ ಪ್ರತಿ ವರ್ಷವೂ ಒಹಾಯೊ ಸ್ಟೇಟ್ ಎದುರೇ. 1897ರಲ್ಲಿ ಶುರುವಾದ ಹಗೆ ಅದು. 2023ರ ನವೆಂಬರ್ 25ರಂದು ಇಬ್ಬರೂ ಒಂದೂ ಸೋಲಿಲ್ಲದೆ ಬಂದಿದ್ದರು. ಮೂರನೇ ಕ್ವಾರ್ಟರ್, 17-17. ಆ ಐವರಲ್ಲಿ ಒಬ್ಬನಾದ ನಾಯಕ ಝ್ಯಾಕ್ ಝಿಂಟರ್ ಕಾಲು ಮುರಿದುಕೊಂಡು ಬಿದ್ದ. ಲಕ್ಷ ಜನ ಎದ್ದು ನಿಂತು ಅವನ ಹೆಸರು ಕೂಗುತ್ತಿರುವಾಗ ಗಾಡಿಯಲ್ಲಿ ಹೊರಗೆ ಕರೆದೊಯ್ದರು. ಮರು ಆಟದಲ್ಲೇ ಬ್ಲೇಕ್ ಕೋರಮ್ 22 ಗಜ ಓಡಿ ಟಚ್‌ಡೌನ್ ಹೊಡೆದ. ಹೊಡೆದವನೇ ಬೆರಳುಗಳಲ್ಲಿ ಆರು, ಐದು ಎಂದು ತೋರಿಸಿದ. 65 ಝಿಂಟರನ ಅಂಗಿಯ ಸಂಖ್ಯೆ. ದಾರಿ ಮಾಡಿಕೊಡುವವರನ್ನು ಓಡುವವನು ನೆನೆದದ್ದು ಹಾಗೆ. ಸೀಸನ್ ಉದ್ದಕ್ಕೂ ಆ ಐವರ ಮೇಲೆ ಕಣ್ಣಿಟ್ಟವರಿಗೆ ಆ ಬೆರಳುಗಳ ಅರ್ಥ ಯಾರೂ ಹೇಳಬೇಕಿರಲಿಲ್ಲ. ಪಂದ್ಯ 30-24.

ಮುಂದಿನದು ಬೇಗ ಹೇಳಬಹುದು. ಪ್ರಶಸ್ತಿ ಸುತ್ತಿನ ಸೆಮಿಫೈನಲ್ ಆಗಿದ್ದ ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು ಹೆಚ್ಚುವರಿ ಅವಧಿಯಲ್ಲಿ 27-20. ಅಂತಿಮ ಪಂದ್ಯದಲ್ಲಿ ವಾಷಿಂಗ್ಟನ್ ವಿರುದ್ಧ 34-13. ನಡುವಿನ ಇನ್ನೊಂದು ಪಂದ್ಯವೂ ಸೇರಿ ಹದಿನೈದಕ್ಕೆ ಹದಿನೈದೂ ಗೆಲುವು.

ಆಮೇಲೆ ತಂಡ ಚದುರಿತು. ಇವರು ವಿದ್ಯಾರ್ಥಿಗಳು, ಆಡುವ ವರ್ಷಗಳಿಗೆ ಮಿತಿಯಿದೆ. ಹದಿಮೂರು ಹುಡುಗರನ್ನು ವೃತ್ತಿಪರ ತಂಡಗಳು ಒಂದೇ ಬಾರಿಗೆ ಆರಿಸಿಕೊಂಡವು, ಹಾರ್ಬಾ ಕೂಡ ವೃತ್ತಿಪರ ತಂಡಕ್ಕೆ ಹೋದರು. ಅದೇ ಹುಡುಗರು, ಅದೇ ಹೊಂದಾಣಿಕೆ ಇನ್ನೊಮ್ಮೆ ಸಿಗುವುದಿಲ್ಲ. ಈ ಆಟವನ್ನು ಸೀಸನ್ ಲೆಕ್ಕದಲ್ಲೇ ನೋಡಬೇಕೆನ್ನುವುದು ಇದಕ್ಕೇ. 2024ರಲ್ಲಿ ಮಿಷಿಗನ್ ಐದು ಪಂದ್ಯ ಸೋತಿತು. ಆದರೂ ಒಹಾಯೊ ಸ್ಟೇಟ್ ತಂಡವನ್ನು ಅದರ ಅಂಗಳದಲ್ಲೇ 13-10ರಿಂದ ಸೋಲಿಸಿತು.

ನೋಡಲು ಶುರುಮಾಡುವವರು ಸೆಪ್ಟೆಂಬರಿನಲ್ಲೇ ಒಂದು ತಂಡ ಹಿಡಿದುಕೊಳ್ಳಿ, ಮಗಳೋ ಮಗನೋ ಓದುವ ಕಾಲೇಜಿನದಾದರೆ ಇನ್ನೂ ಒಳ್ಳೆಯದು. ಆರಂಭದ ಸುಲಭದ ಪಂದ್ಯಗಳನ್ನು ಬಿಡಬೇಡಿ, ಐವರ ಪರಿಚಯವಾಗುವುದು ಅಲ್ಲಿಯೇ. ನವೆಂಬರ್ ಕೊನೆಯ ಶನಿವಾರದ ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯ ಅಲ್ಲಿ ಸಾಮಾನ್ಯವಾಗಿ ನಡುಮಧ್ಯಾಹ್ನಕ್ಕೆ, ಅಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆಗೆ ಶುರುವಾಗುತ್ತದೆ. ಊಟ ಮುಗಿಸಿ ಕೂತುಕೊಳ್ಳಿ.