ಬಣ್ಣ ಮೊದಲು, ಮರ ಆಮೇಲೆ

ಹೀಟ್‌ಮ್ಯಾಪ್ ಎಂದರೆ ಬಣ್ಣ ತುಂಬಿದ ಕೋಷ್ಟಕ. ಕ್ಲಸ್ಟರಿಂಗ್ ಮಾಡಿದಾಗ ಅದರ ಪಕ್ಕದಲ್ಲಿ ಒಂದು ಕವಲುಮರವೂ ಬರುತ್ತದೆ: ಹೆಚ್ಚು ಹೋಲುವ ಸಾಲುಗಳು ಮೊದಲು ಜೋಡಿಯಾಗಿ, ಜೋಡಿಗಳು ಗುಂಪಾಗಿ, ಕೊನೆಗೆ ಎಲ್ಲವೂ ಒಂದೇ ಬೊಡ್ಡೆಗೆ ಸೇರುತ್ತವೆ. ಹೊಸಬರ ಕಣ್ಣು ನೇರವಾಗಿ ಮರದ ಮೇಲೆ ಬೀಳುತ್ತದೆ. ಆದರೆ ಚೌಕಗಳು ಸಾಕ್ಷ್ಯ, ಮರ ತೀರ್ಪು. ಎರಡನ್ನೂ ಒಂದೇ ಹಾಳೆಯಲ್ಲಿಟ್ಟು, ತೀರ್ಪನ್ನು ಪರೀಕ್ಷಿಸುವ ಹಕ್ಕನ್ನು ನೋಡುಗರಿಗೇ ಕೊಡುವುದು ಈ ಚಿತ್ರದ ದೊಡ್ಡತನ. ಅಳತೆಗಳಿಲ್ಲದೆ ಬರೀ ‘ಇದೆ, ಇಲ್ಲ’, ‘ದುಂಡು, ಚೌಕ’ ಎಂಬ ಗುಣಗಳಷ್ಟೇ ಇರುವಲ್ಲಿ ಈ ಹಕ್ಕನ್ನು ಬಿಟ್ಟುಕೊಡಲೇಬಾರದು.

ಬಳ್ಳಾರಿ ಸೀಮೆಯ ನವಶಿಲಾಯುಗದ ನೆಲೆಗಳನ್ನೇ ಸಾಲುಗಳಾಗಿ ಬರೆಯೋಣ. ನಗರದ ಅಂಚಿನ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಡೋಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ತಾಣಗಳಿವೆ, ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ದುಂಡು ಗುಡಿಸಲುಗಳ ನೆಲೆ, ಸಮಾಧಿಗಳು ಸಿಕ್ಕವು. ಕುಡತಿನಿ ತನ್ನ ಬೂದಿದಿಬ್ಬಕ್ಕೆ ಹೆಸರಾದುದು. ಇವಕ್ಕೆ ಕುರುಗೋಡಿನ ಗುಡ್ಡಗಳನ್ನೂ ಸೇರಿಸಿ, ಅಲ್ಲಿಯದು ಮೇಲ್ಮೈ ಶೋಧನೆಯ ಮಾಹಿತಿ ಮಾತ್ರ ಎಂದಿಟ್ಟುಕೊಳ್ಳಿ. ಈಗ ಯಾವುದೋ ಎರಡು ನೆಲೆಗಳನ್ನು ಹತ್ತು ಗುಣಗಳಲ್ಲಿ ಹೋಲಿಸುತ್ತೇವೆ: ಎರಡರಲ್ಲೂ ಇರುವುದು 1, ಒಂದರಲ್ಲಿ ಮಾತ್ರ ಇರುವುದು 2, ಎರಡರಲ್ಲೂ ಇಲ್ಲದ್ದು 7. ಸರಳ ಹೊಂದಾಣಿಕೆಯ ಲೆಕ್ಕದಲ್ಲಿ ಇವು 10ಕ್ಕೆ 8ರಷ್ಟು ಸಮಾನ, ಹತ್ತಿರದ ನೆಂಟರು. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಪಾಲ್ ಜಕ್ಕಾರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಲೆಕ್ಕ ಎರಡರಲ್ಲೂ ಇಲ್ಲದ್ದನ್ನು ಬದಿಗಿಡುತ್ತದೆ. ಆಗ ಸಮಾನತೆ 3ಕ್ಕೆ 1 ಮಾತ್ರ. ಚೌಕಗಳು ಅವೇ, ಮರ ಬೇರೆ. ಆದ್ದರಿಂದ ಮರದಲ್ಲಿ ಅಂಟಿಕೊಂಡ ಎರಡು ಸಾಲು ಕಂಡಾಗ, ಅವುಗಳನ್ನು ಕೂಡಿಸಿದ್ದು ತುಂಬಿದ ಚೌಕಗಳೋ ಖಾಲಿ ಚೌಕಗಳೋ ಎಂದು ಮೊದಲು ನೋಡಬೇಕು.

ಇಲ್ಲದಿರುವುದೂ ಸಾಕ್ಷ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಚೆನ್ನಾಗಿ ಅಗೆದ ನೆಲೆಯಲ್ಲಿ ಸಮಾಧಿ ಸಿಗದಿದ್ದರೆ ಅದು ನಿಜಕ್ಕೂ ಒಂದು ಸುದ್ದಿ. ಅಗೆಯದ ಗುಡ್ಡದಲ್ಲಿ ಸಿಗದಿದ್ದರೆ ಸುದ್ದಿಯೇ ಅಲ್ಲ. ಹಾಗಾಗಿ ‘ಇದೆ’, ‘ಹುಡುಕಿದರೂ ಇಲ್ಲ’, ‘ಹುಡುಕಿಲ್ಲ’ ಎಂಬ ಮೂರಕ್ಕೂ ಬೇರೆ ಬೇರೆ ಬಣ್ಣ ಕೊಟ್ಟ ಚಿತ್ರವನ್ನೇ ನಾನು ಪ್ರಾಮಾಣಿಕವೆನ್ನುತ್ತೇನೆ. ದುಂಡು ಮನೆಗೆ ತಿಳಿಗೆಂಪು, ಚೌಕ ಮನೆಗೆ ಕಡುಗೆಂಪು ಬಳಿದ ಚಿತ್ರ ಇಲ್ಲದ ಮೇಲು-ಕೀಳನ್ನು ಹುಟ್ಟಿಸುತ್ತದೆ. ಅಲ್ಲಿ ಬೇಕಾದುದು ಛಾಯೆಯಲ್ಲ, ಬೇರೆ ಬಣ್ಣ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಸಾಲುಗಳ ಕ್ರಮವನ್ನೇ ಬದಲಿಸಿ ಕಣ್ಣಿಗೆ ಬೇಕಾದ ಗುಂಪು ತೋರಿಸಬಹುದಲ್ಲ? ಹೌದು. ಪ್ರತಿ ಕವಲನ್ನೂ ತಿರುಗಿಸಬಹುದಾದ್ದರಿಂದ 10 ನೆಲೆಗಳ ಒಂದೇ ಮರವನ್ನು 512 ಕ್ರಮಗಳಲ್ಲಿ ಬರೆಯಲು ಸಾಧ್ಯ. ಪಕ್ಕಪಕ್ಕದಲ್ಲಿ ಇದ್ದ ಮಾತ್ರಕ್ಕೆ ಎರಡು ಸಾಲು ಹತ್ತಿರದವಲ್ಲ; ಅವುಗಳ ಕವಲು ಎಷ್ಟು ಎತ್ತರದಲ್ಲಿ ಕೂಡುತ್ತದೆ ಎಂಬುದೇ ಲೆಕ್ಕಕ್ಕೆ ಬರುವುದು. ಹಾಗೆಂದು ಕ್ರಮ ನಿರರ್ಥಕವಲ್ಲ. ಈಜಿಪ್ಟಿನ ಸಮಾಧಿಗಳ ಮಡಕೆಗಳನ್ನು ಚೀಟಿಗಳಲ್ಲಿ ಬರೆದುಕೊಂಡು, ಆ ಚೀಟಿಗಳನ್ನು ಹಿಂದೆ ಮುಂದೆ ಸರಿಸಿಯೇ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1899ರಲ್ಲಿ ಕಾಲಾನುಕ್ರಮವೊಂದನ್ನು ಮುಂದಿಟ್ಟ. ಸಾಲುಗಳನ್ನು ಸರಿಸಿದಾಗ ಚದುರಿದ್ದ ಬಣ್ಣಗಳು ಒಂದೆಡೆ ಕೂಡಿ, ಯಾವ ಗುಣ ಯಾವ ಗುಣದ ಜೊತೆಗೆ ಬರುತ್ತದೆ ಎಂಬುದು ತಟ್ಟನೆ ಕಾಣುತ್ತದೆ. ನೆಲೆ ಎಲ್ಲಿದೆ ಎಂದು ಹೇಳುವ ಭೂಪಟಕ್ಕೆ ಇದನ್ನು ತೋರಿಸಲಾಗದು.