ಹಾಳು ಹಂಪಿ ಮತ್ತು ನಲ್ಲಿಯ ನೀರು

ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಛಾಯಾಚಿತ್ರಗಳನ್ನು ನಾವು ಹಾಳೂರಿನ ಶೋಕಗೀತೆಯಂತೆ ಓದುತ್ತೇವೆ. ಬಿಳಿಚಿದ ಆಕಾಶ, ನಿರ್ಜನ ಬಯಲು, ಒಂಟಿ ಮಂಟಪ. ಮನೆಯಲ್ಲಿ ಫಿಲ್ಮ್ ತೊಳೆಯಲು ಶುರುಮಾಡುವವರೆಗೆ ನಾನೂ ಹಾಗೆಯೇ ಓದುತ್ತಿದ್ದೆ.

ಕಳೆದ ಏಪ್ರಿಲ್‌ನಲ್ಲಿ ಕುರುಗೋಡು ಬೆಟ್ಟದ ಬಂಡೆಗಳನ್ನೂ ಸಿರುಗುಪ್ಪದ ಹೊಳೆದಂಡೆಯನ್ನೂ ಇಲ್ಫರ್ಡ್ ಪ್ಯಾನ್ ಎಫ್ ಪ್ಲಸ್‌ನಲ್ಲಿ ತೆಗೆದೆ. ಬರೀ 50 ಐಎಸ್‌ಒ, ನಿಧಾನದ ಕಪ್ಪುಬಿಳುಪು ಫಿಲ್ಮ್. ಐಡಿ-11 ಡೆವಲಪರ್‌ನಲ್ಲಿ 6.5 ನಿಮಿಷ ಎನ್ನುತ್ತದೆ ಕಂಪನಿಯ ಪಟ್ಟಿ. ಆದರೆ ಅದು 20 ಡಿಗ್ರಿಯ ಲೆಕ್ಕ. ಬಳ್ಳಾರಿಯ ನಮ್ಮ ಮನೆಯ ನಲ್ಲಿಯಲ್ಲಿ ಅಂದು 32. ಪಟ್ಟಿಯನ್ನೇ ನಂಬಿ ತೊಳೆದೆ. ಬಿಸಿ ಹೆಚ್ಚಿದಷ್ಟೂ ಡೆವಲಪರ್ ಚುರುಕು. ಬಿಸಿಲು ಬಿದ್ದ ಬಂಡೆ ನೆಗೆಟಿವ್‌ನಲ್ಲಿ ಮಸಿಗಟ್ಟಿತು, ಪ್ರಿಂಟಿನಲ್ಲಿ ಬರೀ ಬಿಳಿ.

ಎರಡನೇ ರೋಲನ್ನು ಕತ್ತಲಲ್ಲಿ ಮೂರು ತುಂಡು ಮಾಡಿದೆ. ಐಸ್ ಹಾಕಿದ ಬಕೆಟ್‌ನಲ್ಲಿಟ್ಟು ದ್ರಾವಣವನ್ನು 24ಕ್ಕೆ ಇಳಿಸಿ 4, 5, 6 ನಿಮಿಷ ತೊಳೆದೆ. 5 ನಿಮಿಷದ ತುಂಡಿನಲ್ಲಿ ಕಲ್ಲಿನ ಬಿರುಕುಗಳು ಬಂದವು. ಅದೇ ಬೆಟ್ಟ, ಅದೇ ಬಿಸಿಲು, ಬೇರೆಯೇ ಊರಿನಂತಿತ್ತು.

ಗ್ರೀನ್‌ಲಾ ಬಳಸಿದ್ದು ಮೇಣ ಹಾಕಿದ ಕಾಗದದ ನೆಗೆಟಿವ್. ನನ್ನ ಫಿಲ್ಮಿಗಿಂತ ಎಷ್ಟೋ ನಿಧಾನ. ನೀಲಿ ಬೆಳಕೇ ಅದಕ್ಕೆ ಹೆಚ್ಚು ತಾಗುವುದರಿಂದ ಆಕಾಶ ಬಿಳಿಚುತ್ತದೆ. ನಿಮಿಷಗಟ್ಟಲೆ ಬೆಳಕು ಬಿಡಬೇಕಾದ್ದರಿಂದ ನಡೆದುಹೋದವರು ಮೂಡುವುದಿಲ್ಲ. ಹಾಗಾದರೆ ಆ ನಿರ್ಜನತೆಯಲ್ಲಿ ಹಂಪಿಯದೆಷ್ಟು, ಕಾಗದದ್ದೆಷ್ಟು? ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ತೆಗೆದ ಚಿತ್ರಗಳನ್ನು ಪಕ್ಕದಲ್ಲಿಟ್ಟು 'ಆಗ–ಈಗ' ಎಂದು ಹೋಲಿಸುವಾಗಲೂ ಈ ಪ್ರಶ್ನೆ ಕೇಳಬೇಕು. ಕೇಳದೆ ಬರೆದರೆ, ಕಾಗದದ ಮಿತಿಯನ್ನೇ ನಾವು ಊರಿನ ಚರಿತ್ರೆ ಎಂದು ಬರೆದುಬಿಡುತ್ತೇವೆ.